ಮತ, ಮಾತು, ಸಹಕಾರ್ಯ

ಒಂದು ಕಾರ್ಯಕ್ಕಾಗಿ ಕೂಡಿದ ಜನರು ತಮ್ಮ ಜೊತೆಗಾರನ ಕೈಕೆಲಸವನ್ನು ಪರೀಕ್ಷಿಸುವುದು ನ್ಯಾಯವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅವನ ಅಂತರಂಗದಲ್ಲಿ ನೆಲೆಗೊಂಡಿರುವ ಮತವನ್ನು, ವಿಶೇಷವಾಗಿ ರಾಜ್ಯ, ಸಮಾಜ, ಧರ್ಮ ಇವುಗಳ ವಿಷಯವಾಗಿ ಅವನು ತಳೆದಿರುವ ಅಭಿಪ್ರಾಯವನ್ನು, ಅವರು ಪರೀಕ್ಷಿಸಬಹುದೆ, ಅದು ತಮಗೆ ಸಮ್ಮತವಾಗದಿದ್ದಾಗ ಅವನನ್ನು ಹೊರಗಿಡಬಹುದೆ ಎಂಬುದು ಬಹು ಪ್ರಾಚೀನವಾದ ಪ್ರಶ್ನೆ. ಮಠಗಳೂ ವಿಹಾರಗಳೂ ರಾಜಸಭೆಗಳೂ ತಂತಮ್ಮ ಕಾಲದಲ್ಲಿ ಅದನ್ನು ಎದುರಿಸಿ, ತಂತಮ್ಮ ರೀತಿಯಲ್ಲಿ ಉತ್ತರವನ್ನು ಕಂಡುಕೊಂಡವು. ನಮ್ಮ ಕಾಲದಲ್ಲಿ ಅದೇ ಪ್ರಶ್ನೆಯು ಅಂತರಜಾಲದ ಮೂಲಕ ಕೂಡಿ ದುಡಿಯುವ ಹೊಸ ಬಗೆಯ ಸಮುದಾಯಗಳಲ್ಲಿ ಮತ್ತೆ ತಲೆಯೆತ್ತಿದೆ. ಅದು ಯಂತ್ರಜ್ಞರ ಮನೆವಾರ್ತೆಯೆಂದು ಉಳಿದವರು ಸುಮ್ಮನಿರುವಂತಿಲ್ಲ. ಭಿನ್ನಮತದವರು ಒಂದೆಡೆ ಬಾಳುವುದು ಹೇಗೆ ಎಂಬ ಧರ್ಮಸೂಕ್ಷ್ಮವೇ ಅದರ ಒಳಗಿದೆ.

ಈ ಸಮುದಾಯಗಳ ಸ್ವರೂಪವನ್ನು ಮೊದಲು ನೋಡಬೇಕು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಹವ್ಯಾಸಕ್ಕೆಂದು ಬರೆಯತೊಡಗಿ ಲೋಕದ ಮುಂದಿಟ್ಟ ಲಿನಕ್ಸ್ ಕರ್ನಲ್ ಎಂಬ ಗಣಕದ ತಿರುಳು ತಂತ್ರಾಂಶವು, ಸಾವಿರಾರು ಜನರ ಕೂಡುದುಡಿಮೆಯಿಂದ ಬೆಳೆದು, ಇಂದು ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ಮಹಾಗಣಕಗಳವರೆಗೆ ಎಲ್ಲವನ್ನೂ ನಡೆಸುತ್ತಿದೆ. 1993ರಲ್ಲಿ ಇಯಾನ್ ಮರ್ಡಾಕರು ಆರಂಭಿಸಿದ ಡೆಬಿಯನ್ ಎಂಬ ತಂತ್ರಾಂಶ ಯೋಜನೆಯು ಅನೇಕ ದೇಶಗಳ ಸ್ವಯಂಸೇವಕರಿಂದ ನಡೆಯುತ್ತ ಬಂದಿದೆ. 2001ರ ಜನವರಿಯಲ್ಲಿ ಹುಟ್ಟಿದ ವಿಕಿಪೀಡಿಯವು ಅಪರಿಚಿತರ ಸಹಲೇಖನದಿಂದಲೇ ವಿಶ್ವಕೋಶವಾಯಿತು. ಕನ್ನಡದಲ್ಲಿಯೂ 2003ರಿಂದ ಅದು ಇದೆ. ಈ ದುಡಿಮೆಗಾರರಲ್ಲಿ ಕೆಲವರು ಈಗ ದೊಡ್ಡ ಸಂಸ್ಥೆಗಳಿಂದ ಸಂಬಳ ಪಡೆಯುವವರಾದರೂ, ಅವರ ಕೃತಿಯನ್ನು ಸ್ವೀಕರಿಸಬೇಕೆ ಬಿಡಬೇಕೆ ಎಂಬ ತೀರ್ಮಾನವು ಸಂಬಳ ಕೊಡುವವನ ಕೈಯಲ್ಲಿಲ್ಲ, ಸಮುದಾಯದ ಕೈಯಲ್ಲಿದೆ. ಇಂಥ ಕೂಟದಲ್ಲಿ ಒಬ್ಬನು ಇನ್ನೊಬ್ಬನಿಗೆ ಗೋಚರನಾಗುವುದು ಬರಹದ ಮಾತಿನ ಮೂಲಕ ಮಾತ್ರ. ಬಿರುನುಡಿಯೊಂದು ಮಾಡಿದ ಗಾಯವನ್ನು ಮಾಯಿಸಲು ಮುಖದ ನಗೆಯಾಗಲಿ, ಜೊತೆಯ ಊಟವಾಗಲಿ, ನೆರೆಹೊರೆಯ ಹಳೆಯ ಋಣವಾಗಲಿ ಅಲ್ಲಿ ಒದಗುವುದಿಲ್ಲ. ಕೂಟವನ್ನು ಕಟ್ಟುವುದೂ ಮಾತು, ಕೆಡವುವುದೂ ಮಾತು. ಆದುದರಿಂದ ಮಾತಿಗೊಂದು ನೀತಿಸಂಹಿತೆ ಬೇಕೆಂಬ ಅಪೇಕ್ಷೆ ಅಲ್ಲಿ ಹುಟ್ಟಿದುದು ಸಹಜವೇ ಆಗಿದೆ.

ಇಂಥ ಸಂಹಿತೆಗಳು ಹುಟ್ಟುವ ಬಗೆಗೆ ಒಂದು ಹಳೆಯ ನಿದರ್ಶನವುಂಟು. ಬೌದ್ಧಸಂಘದ ನಿಯಮಗ್ರಂಥವಾದ ವಿನಯಪಿಟಕವು ಹೇಳುವಂತೆ, ಬುದ್ಧನು ಭಿಕ್ಷುಗಳಿಗೆ ನಿಯಮಗಳನ್ನೆಲ್ಲ ಮೊದಲೇ ರಚಿಸಿಕೊಡಲಿಲ್ಲ. ಒಂದು ತಪ್ಪು ನಡೆದು, ಅದರಿಂದ ಸಂಘಕ್ಕೆ ಕ್ಲೇಶವುಂಟಾಗಿ, ದೂರು ಅವನ ಕಿವಿಗೆ ಬಿದ್ದ ಮೇಲೆ ಆ ತಪ್ಪಿಗೆ ತಕ್ಕ ನಿಯಮವನ್ನು ವಿಧಿಸಿದನು. ಥೇರವಾದ ಸಂಪ್ರದಾಯದಲ್ಲಿ ಭಿಕ್ಷುಗಳಿಗಿರುವ 227 ನಿಯಮಗಳು ಹೀಗೆ ಘಟನೆಗಳ ಬೆನ್ನುಹತ್ತಿ ಬಂದವು. ಕರ್ನಲ್ ಸಮುದಾಯದ ಇತಿಹಾಸವೂ ಹೀಗೆಯೇ ಇದೆ. ಎರಡು ದಶಕಗಳಿಗೂ ಮೀರಿ ಅಲ್ಲಿ ಬರೆದಿಟ್ಟ ಸಂಹಿತೆ ಇರಲಿಲ್ಲ. ಕೆಲಸದ ದೋಷವನ್ನು ಕಟುವಾಗಿ ಹೇಳುವುದು ಸತ್ಯನಿಷ್ಠೆಯ ಗುರುತೆಂಬ ಭಾವನೆ ಇತ್ತು, ಮತ್ತು ಆ ಕಟುತ್ವವು ಎಷ್ಟೋ ಸಲ ಕೆಲಸವನ್ನು ದಾಟಿ ಕೆಲಸಗಾರನ ಮೇಲೆ ಬೀಳುತ್ತಿತ್ತು. 2013ರಲ್ಲಿ ಪ್ರಮುಖ ಅಭಿವರ್ಧಕರೊಬ್ಬರು ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 2015ರಲ್ಲಿ ತಾವು ಆ ಕೆಲಸವನ್ನೇ ತೊರೆದುದಾಗಿ ತಿಳಿಸಿದರು. ಆ ವರ್ಷವೇ ಒಂದು ಚಿಕ್ಕ ನಿಬಂಧನೆ ಬಂದಿತ್ತು, ಅದು ಸಾಲದಾಯಿತು. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸರು ತಮ್ಮ ಬಿರುನುಡಿಗಳು ಅನುಚಿತವಾದುವೆಂದು ಒಪ್ಪಿಕೊಂಡು, ನೊಂದವರ ಕ್ಷಮೆಯನ್ನು ಕೇಳಿ, ಕೆಲಕಾಲ ಕೆಲಸದಿಂದ ದೂರ ಸರಿದರು. ಅದೇ ಸಮಯದಲ್ಲಿ ಕರ್ನಲ್ ಒಂದು ಪೂರ್ಣ ನೀತಿಸಂಹಿತೆಯನ್ನು ಸ್ವೀಕರಿಸಿತು.

ಆ ಸಂಹಿತೆಯ ಮೂಲವು 2014ರಲ್ಲಿ ಕೊರಲೈನ್ ಏಡಾ ಎಮ್ಕೆ ಎಂಬವರು ರಚಿಸಿದ ‘ಕಾಂಟ್ರಿಬ್ಯೂಟರ್ ಕವೆನೆಂಟ್’. ಅದರ ಒಕ್ಕಣೆಯನ್ನು ಗಮನವಿಟ್ಟು ಓದಿದರೆ ನಮ್ಮ ಪ್ರಶ್ನೆಯ ಗಂಟು ಎಲ್ಲಿದೆಯೆಂಬುದು ಕಾಣುತ್ತದೆ. ವಯಸ್ಸು, ದೇಹ, ಅಂಗವೈಕಲ್ಯ, ಲಿಂಗಭಾವ, ವಿದ್ಯೆ, ರಾಷ್ಟ್ರೀಯತೆ, ಜನಾಂಗ, ಧರ್ಮ ಮೊದಲಾದ ಯಾವ ಭೇದವನ್ನೂ ಎಣಿಸದೆ ಎಲ್ಲರಿಗೂ ಕಿರುಕುಳವಿಲ್ಲದ ನೆಲೆಯನ್ನು ಕೊಡುವುದಾಗಿ ಅದು ಪ್ರತಿಜ್ಞೆ ಮಾಡುತ್ತದೆ. ಕರ್ನಲ್ ಸ್ವೀಕರಿಸಿದ ಪಾಠದಲ್ಲಿರುವ ಆ ಪಟ್ಟಿಯಲ್ಲಿ ಧರ್ಮದ ಹೆಸರುಂಟು, ರಾಜಕೀಯ ಅಭಿಪ್ರಾಯದ ಹೆಸರಿಲ್ಲ. ಆದರೆ ನಿಷಿದ್ಧ ವರ್ತನೆಗಳ ಪಟ್ಟಿಯಲ್ಲಿ ವೈಯಕ್ತಿಕ ಆಕ್ರಮಣದ ಜೊತೆಗೆ ರಾಜಕೀಯ ಆಕ್ರಮಣವೂ ಸೇರಿದೆ. ಸಂಹಿತೆಯ ವ್ಯಾಪ್ತಿಯು ಯೋಜನೆಯ ಅಂಗಳಕ್ಕೂ, ಹೊರಗೆ ಒಬ್ಬನು ಯೋಜನೆಯ ಪ್ರತಿನಿಧಿಯಾಗಿ ವರ್ತಿಸುವ ಸಂದರ್ಭಕ್ಕೂ ಸೀಮಿತವಾಗಿದೆ. ರಾಜಕೀಯ ಮತವುಳ್ಳವನು ರಕ್ಷಣೀಯನೆಂದು ಅದು ಹೇಳಲಿಲ್ಲ, ದಂಡನೀಯನೆಂದೂ ಹೇಳಲಿಲ್ಲ. ಇಂಥ ಮೌನದೊಳಗೇ ವಿವಾದವು ಬೆಳೆಯುತ್ತದೆ.

ಆ ವಿವಾದದಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಹೇಳುವುದು ಇದು: ಕೃತಿಗೆ ಕರ್ತೃವಿನ ಮತ ಅಂಟುವುದಿಲ್ಲ; ಲೆಕ್ಕವು ಸರಿಯಿದ್ದರೆ ಲೆಕ್ಕ ಬರೆದವನು ಯಾವ ಪಂಗಡದವನಾದರೇನು; ಮತದ ಪರೀಕ್ಷೆ ಒಮ್ಮೆ ಆರಂಭವಾದರೆ ಇಂದು ಅವನನ್ನು ಹೊರದೂಡಿದ ಅಳತೆಗೋಲೇ ನಾಳೆ ದೂಡಿದವನನ್ನೂ ಅಳೆಯುತ್ತದೆ; ಮತ್ತು ಸಂಹಿತೆಯ ಹೆಸರಿನಲ್ಲಿ ಬಹುಸಂಖ್ಯಾತರ ರಾಜಕೀಯವು ಅಲ್ಪಸಂಖ್ಯಾತರ ಮೇಲೆ ಆಳ್ವಿಕೆ ನಡೆಸುತ್ತದೆ. ಇನ್ನೊಂದು ಪಕ್ಷದವರು ಹೇಳುವುದು ಇದು: ಮನುಷ್ಯರಿಲ್ಲದೆ ಕೃತಿಯಿಲ್ಲ, ನಿನ್ನಂಥವರಿಗೆ ಇಲ್ಲಿ ಸಮಾನಸ್ಥಾನವಿಲ್ಲವೆಂಬ ಅಭಿಪ್ರಾಯವನ್ನು ಊರೆಲ್ಲ ಸಾರುವವನ ಪಕ್ಕದಲ್ಲಿ ಕುಳಿತು ನೆಮ್ಮದಿಯಿಂದ ದುಡಿಯೆಂದು ಇನ್ನೊಬ್ಬನಿಗೆ ಹೇಳುವುದು, ನೋವನ್ನೆಲ್ಲ ನೊಂದವನ ಪಾಲಿಗೇ ಹಂಚಿದಂತೆ, ತಟಸ್ಥತೆಯೆಂಬುದು ಹೊರಗೆ ನ್ಯಾಯದಂತೆ ಕಂಡರೂ ಒಳಗೆ ಬಲಿಷ್ಠನ ಅನುಕೂಲವೇ ಆಗಿರುತ್ತದೆ, ದೂರು ಕೊಡದೆ ಮೌನವಾಗಿ ಹೊರಟುಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಈ ಎರಡು ವಾದಗಳಲ್ಲಿ ಯಾವುದನ್ನೂ ದುರುದ್ದೇಶದ್ದೆಂದು ತಳ್ಳಿಹಾಕಲು ಬರುವುದಿಲ್ಲ. ಒಂದು ಸ್ವಾತಂತ್ರ್ಯಕ್ಕಾಗಿ ಕಳವಳಪಡುತ್ತದೆ, ಇನ್ನೊಂದು ಸಮತೆಗಾಗಿ. ಇವೆರಡನ್ನೂ ಬೇಡವೆನ್ನುವ ಸಜ್ಜನನು ಯಾರಿದ್ದಾನೆ?

ಈ ಸಂಕಟದಲ್ಲಿ ನಮಗೆ ದಾರಿ ತೋರುವುದು, ನನಗೆ ತೋರುವಂತೆ, ಒಂದು ವಿವೇಕ: ದರ್ಶನಕ್ಕಾಗಿ ಕೂಡಿದ ಸಂಘ ಬೇರೆ, ಕಾರ್ಯಕ್ಕಾಗಿ ಕೂಡಿದ ಕೂಟ ಬೇರೆ. ಅರಿಟ್ಠನೆಂಬ ಭಿಕ್ಷುವಿನ ಪ್ರಸಂಗವು ಬೌದ್ಧಗ್ರಂಥಗಳಲ್ಲಿ ಬರುತ್ತದೆ. ಬುದ್ಧನು ಯಾವುವನ್ನು ಸಾಧನೆಗೆ ಅಡ್ಡಿಯೆಂದು ಹೇಳಿದನೋ ಅವು ನಿಜವಾಗಿ ಅಡ್ಡಿಯಲ್ಲವೆಂದು ಅರಿಟ್ಠನು ವಾದಿಸತೊಡಗಿದನು. ಸಹಭಿಕ್ಷುಗಳು ಎಷ್ಟು ತಿಳಿಯಹೇಳಿದರೂ ತನ್ನ ದೃಷ್ಟಿಯನ್ನು ಬಿಡಲಿಲ್ಲ. ಸಂಘವು ಅವನನ್ನು ತನ್ನ ಸಹವಾಸದಿಂದ ಹೊರಗಿರಿಸಿತು. ಇಲ್ಲಿ ದಂಡನೆಗೊಳಗಾದುದು ಮತವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ದಂಡನೆ ಅನ್ಯಾಯವೆನ್ನಲು ಆಗುವುದಿಲ್ಲ, ಏಕೆಂದರೆ ಆ ಸಂಘವು ಕೂಡಿದುದೇ ಒಂದು ದರ್ಶನದ ಆಧಾರದ ಮೇಲೆ. ಅದನ್ನು ಒಪ್ಪದವನಿಗೆ ಅಲ್ಲಿರಲು ಕಾರಣವೇ ಉಳಿಯುವುದಿಲ್ಲ. ಕಾರ್ಯಕ್ಕಾಗಿ ಕೂಡಿದವರ ವಿಷಯ ಹಾಗಲ್ಲ. ಅಂಥವರು ಸದಸ್ಯನಿಂದ ಕೇಳಬಹುದಾದ ಮತ, ಆ ಕಾರ್ಯಕ್ಕೆ ಎಷ್ಟು ಬೇಕೋ ಅಷ್ಟು. ಡೆಬಿಯನ್ ಯೋಜನೆಯು 1997ರಲ್ಲಿ ಒಂದು ಸಾಮಾಜಿಕ ಒಡಂಬಡಿಕೆಯನ್ನು ರೂಪಿಸಿ, ಸದಸ್ಯನಾಗಬಯಸುವವನು ಅದಕ್ಕೆ ಸಮ್ಮತಿಸಬೇಕೆಂದು ಕೇಳುತ್ತದೆ. ತಂತ್ರಾಂಶವು ಮುಕ್ತವಾಗಿರಬೇಕೆಂಬುದೇ ಆ ಒಡಂಬಡಿಕೆಯ ಹುರುಳು. ಅದೂ ಒಂದು ಮತವೇ, ಒಂದರ್ಥದಲ್ಲಿ ರಾಜಕೀಯ ಮತವೇ ಸರಿ. ಆದರೆ ಆ ಮತವಿಲ್ಲದೆ ಆ ಕಾರ್ಯವಿಲ್ಲ. ಸದಸ್ಯನು ಯಾರಿಗೆ ಓಟು ಕೊಡುತ್ತಾನೆ, ಯಾವ ದೇವರಿಗೆ ಕೈಮುಗಿಯುತ್ತಾನೆ ಎಂಬುದನ್ನು ಕೇಳುವ ಅಧಿಕಾರವು ಅದೇ ಒಡಂಬಡಿಕೆಯಿಂದ ಹುಟ್ಟುವುದಿಲ್ಲ.

ಈ ವಿವೇಕವು ನಮ್ಮ ನೆಲಕ್ಕೆ ಹೊಸದಲ್ಲ. ಅಶೋಕನ ಶಾಸನಗಳಲ್ಲಿ ಅದರ ಎರಡು ಮುಖಗಳೂ ಕಾಣುತ್ತವೆ. ಸಾಂಚಿ, ಸಾರನಾಥ, ಕೌಶಾಂಬಿಗಳ ಸ್ತಂಭಶಾಸನಗಳಲ್ಲಿ ಅವನು ಸಂಘವನ್ನು ಒಡೆಯುವ ಭಿಕ್ಷುವಿಗಾಗಲಿ ಭಿಕ್ಷುಣಿಗಾಗಲಿ ಬಿಳಿಯ ಬಟ್ಟೆಯುಡಿಸಿ ವಿಹಾರದಿಂದ ಹೊರಗೆ ಕಳುಹಿಸಬೇಕೆಂದು ವಿಧಿಸುತ್ತಾನೆ. ಅದು ದರ್ಶನಕ್ಕಾಗಿ ಕೂಡಿದವರ ಒಳಗಿನ ವಿಷಯ. ಹನ್ನೆರಡನೆಯ ಶಿಲಾಶಾಸನದಲ್ಲಿಯಾದರೋ, ಭಿನ್ನ ಭಿನ್ನ ಪಂಥಗಳವರು ಒಂದೇ ರಾಜ್ಯದಲ್ಲಿ ಬಾಳುವ ಬಗೆಯನ್ನು ಕುರಿತು ಹೇಳುವಾಗ, ಯಾರೂ ತಮ್ಮ ಮತವನ್ನು ಬಿಡಬೇಕೆಂದು ಅವನು ಕೇಳುವುದಿಲ್ಲ. ವಾಕ್ಸಂಯಮವನ್ನು ಮಾತ್ರ ಕೇಳುತ್ತಾನೆ. ಅಕಾರಣವಾಗಿ ಸ್ವಮತವನ್ನು ಹೊಗಳುವುದೂ ಪರಮತವನ್ನು ಹಳಿಯುವುದೂ ಸಲ್ಲದು, ಕಾರಣವಿದ್ದಾಗಲೂ ಮಾತು ಮೃದುವಾಗಿರಬೇಕು, ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಈ ಶಾಸನದ ಒಂದು ಪ್ರತಿಯು ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1986ರಲ್ಲಿ ಬೆಳಕಿಗೆ ಬಂದಿತು. ಬೇರೆ ಬೇರೆ ಮತದವರು ಒಂದೆಡೆ ಇರುವುದು ಮಾತಿನ ಬಿಗಿಯಿಂದ ಸಾಧ್ಯ, ಮತದ ಶೋಧನೆಯಿಂದಲ್ಲ ಎಂಬ ಬುದ್ಧಿಮಾತು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಕನ್ನಡ ನಾಡಿನ ಕಲ್ಲಿನಲ್ಲಿ ಕೊರೆಯಲ್ಪಟ್ಟಿತ್ತು.

ಈ ಅಳತೆಯನ್ನು ಹಿಡಿದು ಕೆಲವು ನೈಜ ಪ್ರಸಂಗಗಳನ್ನು ನೋಡೋಣ. 2015ರಲ್ಲಿ ಓಪಲ್ ಎಂಬ ತಂತ್ರಾಂಶ ಯೋಜನೆಯ ಒಬ್ಬ ಸದಸ್ಯರು ಲಿಂಗಪರಿವರ್ತಿತರನ್ನು ಕುರಿತು ತಮ್ಮ ಸ್ವಂತ ಟ್ವಿಟರ್ ಖಾತೆಯಲ್ಲಿ ಒಂದು ಅಭಿಪ್ರಾಯವನ್ನು ಪ್ರಕಟಿಸಿದರು, ಯೋಜನೆಗೆ ಹೊರಗಿನವರೊಬ್ಬರು ಅದನ್ನು ಎತ್ತಿತೋರಿಸಿ, ಆ ಸದಸ್ಯರನ್ನು ತೆಗೆದುಹಾಕಬೇಕೆಂದು ಕೇಳಿದರು, ಬಹಳ ಕೋಲಾಹಲವಾಯಿತು. ಆ ಅಭಿಪ್ರಾಯವು ನೋವು ಕೊಡತಕ್ಕದ್ದಾಗಿತ್ತೆಂದು ಒಪ್ಪಬಹುದು. ಆದರೆ ಅದು ಯೋಜನೆಯ ಅಂಗಳದಲ್ಲಿ ಆಡಿದ ಮಾತಲ್ಲ, ಅಲ್ಲಿ ದುಡಿಯುತ್ತಿದ್ದ ಯಾರನ್ನೂ ಉದ್ದೇಶಿಸಿದುದಲ್ಲ, ಯಾರ ಕೆಲಸವೂ ಅದರಿಂದ ತಿರಸ್ಕೃತವಾಗಿರಲಿಲ್ಲ. ಅಂಥಲ್ಲಿ ಬಹಿಷ್ಕಾರವನ್ನು ಕೇಳುವುದು ಕೂಟದ ಅಧಿಕಾರವನ್ನು ಮನುಷ್ಯನ ಇಡೀ ಬಾಳಿನ ಮೇಲೆ ಹರಡಿದಂತೆ. ಆ ಅಭಿಪ್ರಾಯವನ್ನು ಒಪ್ಪದವರು ಅವರಿಗೆ ಪ್ರತ್ಯುತ್ತರ ಹೇಳಬಹುದು, ಖಂಡಿಸಬಹುದು, ಅವರ ಸ್ನೇಹವನ್ನು ತೊರೆಯಬಹುದು. ಅದೆಲ್ಲ ಪೌರರ ಸ್ವಾತಂತ್ರ್ಯ. ಕಾರ್ಯದ ಬಾಗಿಲನ್ನು ಮುಚ್ಚುವುದು ಮಾತ್ರ ಬೇರೆ ಜಾತಿಯ ಕ್ರಿಯೆ.

ನಾಯಕನ ವಿಷಯದಲ್ಲಿ ಇದೇ ನ್ಯಾಯವನ್ನು ಇದೇ ಸರಳತೆಯಿಂದ ಅನ್ವಯಿಸಲಾಗದು. ಜಾವಾಸ್ಕ್ರಿಪ್ಟ್ ಭಾಷೆಯ ನಿರ್ಮಾತೃವಾದ ಬ್ರೆಂಡನ್ ಐಕ್ ಅವರು 2014ರ ಮಾರ್ಚಿಯಲ್ಲಿ ಮೊಜಿಲ್ಲಾ ಸಂಸ್ಥೆಯ ಮುಖ್ಯಾಧಿಕಾರಿಯಾದಾಗ, ಕ್ಯಾಲಿಫೋರ್ನಿಯದಲ್ಲಿ ಸಲಿಂಗವಿವಾಹವನ್ನು ನಿಷೇಧಿಸುವ ಜನಮತಕ್ಕೆ ಅವರು 2008ರಲ್ಲಿ 1000 ಡಾಲರುಗಳನ್ನು ಕೊಟ್ಟಿದ್ದ ಸಂಗತಿ ಪ್ರತಿಭಟನೆಗೆ ಕಾರಣವಾಯಿತು. ಎರಡು ವಾರಗಳೊಳಗೆ ಅವರು ಪದತ್ಯಾಗ ಮಾಡಿದರು. ಅವರು ಮಾಡಿದುದು ಪೌರನಿಗೆ ಕಾನೂನು ಕೊಟ್ಟಿರುವ ಅಧಿಕಾರದೊಳಗಿನ ಕೆಲಸ, ಮತ್ತು ಸಂಸ್ಥೆಯೊಳಗೆ ಅದರ ಕಾರಣದಿಂದ ಯಾರಿಗೂ ಅನ್ಯಾಯವಾಯಿತೆಂಬುದು ಆಗಿನ ವಿವಾದದ ಆಧಾರವಾಗಿರಲಿಲ್ಲ. ಆದರೂ ಮುಖ್ಯಾಧಿಕಾರಿಯ ಪೀಠವು ದುಡಿಮೆಯ ಪೀಠವಷ್ಟೇ ಅಲ್ಲ, ವಿಶ್ವಾಸದ ಪೀಠ. ತನ್ನ ಕೈಕೆಳಗಿನವರ ನಡುವೆ ನ್ಯಾಯ ತೀರಿಸತಕ್ಕವನು ಅವರಲ್ಲಿ ಕೆಲವರ ದಾಂಪತ್ಯಕ್ಕೆ ಕಾನೂನಿನ ಮಾನ್ಯತೆಯೇ ಬೇಡವೆಂದು ಧನ ಕೊಟ್ಟವನಾದರೆ, ಅವರು ವಿಶ್ವಾಸವಿಡಲಾರೆವೆಂದು ಹೇಳುವುದನ್ನು ಅಸಹನೆಯೆಂದು ಜರೆಯಲಾಗದು. ಅಲ್ಲಿ ನಡೆದುದು ನೀತಿಸಂಹಿತೆಯ ದಂಡನೆಯಲ್ಲ, ವಿಶ್ವಾಸದ ನಿರಾಕರಣೆ. ದುಡಿಯುವವನಿಗೆ ಒಂದು ಮಾನದಂಡವನ್ನೂ ನ್ಯಾಯ ಹೇಳುವವನಿಗೆ ಇನ್ನೂ ಬಿಗಿಯಾದ ಮಾನದಂಡವನ್ನೂ ಇಡುವುದು ಪಕ್ಷಪಾತವಲ್ಲ, ಔಚಿತ್ಯ. ಆದರೆ ನಾಯಕನಿಗೆ ಇಟ್ಟ ಬಿಗಿಯಾದ ಅಳತೆಯನ್ನು ಕೊನೆಯ ದುಡಿಮೆಗಾರನವರೆಗೆ ಇಳಿಸತೊಡಗಿದರೆ, ಔಚಿತ್ಯವು ಪೀಡನೆಯಾಗಿ ಮಾರ್ಪಡುತ್ತದೆ.

ಧರ್ಮವು ನೇರವಾಗಿ ಪ್ರವೇಶಿಸಿದ ಪ್ರಸಂಗವೂ ಒಂದುಂಟು. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶವು ನಮ್ಮೆಲ್ಲರ ಫೋನುಗಳಲ್ಲಿಯೂ ಇರುವಂಥದು. ಅದರ ಕರ್ತೃವಾದ ರಿಚರ್ಡ್ ಹಿಪ್ ಅವರು ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಗಳಲ್ಲಿ ಸತ್ಕರ್ಮಸಾಧನಗಳನ್ನು ಹೇಳುವ ಅಧ್ಯಾಯವನ್ನು, ದೇವರನ್ನು ಪ್ರೀತಿಸಬೇಕೆಂಬ ಮೊದಲ ವಿಧಿಯೂ ಸೇರಿದಂತೆ, ತಮ್ಮ ಯೋಜನೆಯ ನೀತಿಸಂಹಿತೆಯಾಗಿ ಪ್ರಕಟಿಸಿದ್ದರು. 2018ರಲ್ಲಿ ಇದು ಲೋಕದ ಗಮನಕ್ಕೆ ಬಂದು ಆಕ್ಷೇಪಣೆಗಳೆದ್ದಾಗ, ಅವರು ಅದಕ್ಕೆ ನೈತಿಕ ಸಂಹಿತೆಯೆಂಬ ಹೆಸರಿಟ್ಟು, ಅದನ್ನು ಇತರರು ಅನುಸರಿಸಬೇಕಾಗಿಲ್ಲ, ಒಪ್ಪಬೇಕಾಗಿಯೂ ಇಲ್ಲ, ಅದು ತಾವು ಬಾಳಲು ಬಯಸುವ ರೀತಿ ಎಂದು ಸ್ಪಷ್ಟಪಡಿಸಿದರು. ಈ ಸ್ಪಷ್ಟನೆಯಲ್ಲಿ ಒಂದು ದೊಡ್ಡ ತತ್ತ್ವವಿದೆ. ವ್ರತವನ್ನು ಸ್ವತಃ ತಾಳಬೇಕು, ನಿಯಮವನ್ನು ಎಲ್ಲರಿಗೂ ವಿಧಿಸಬಹುದು. ದೇವರನ್ನು ಪ್ರೀತಿಸೆಂಬುದು ವ್ರತ. ಜೊತೆಗಾರನನ್ನು ಅವಮಾನಿಸಬೇಡವೆಂಬುದು ನಿಯಮ. ಸಮತೆಯಲ್ಲಿ ಹೃತ್ಪೂರ್ವಕವಾಗಿ ನಂಬಿಕೆಯಿಡು ಎಂಬುದು ಸಹ, ಅದೆಷ್ಟೇ ಉದಾತ್ತವಾಗಿದ್ದರೂ, ವ್ರತವೇ. ಸಮಾನನಂತೆ ನಡೆಸಿಕೊ ಎಂಬುದು ನಿಯಮ. ಧಾರ್ಮಿಕರು ಲೌಕಿಕರ ಮೇಲೆ ಹೇರಬಾರದ್ದನ್ನು ಲೌಕಿಕರು ಧಾರ್ಮಿಕರ ಮೇಲೆ ಹೇರುವುದೂ ಸಲ್ಲದು.

ಇಲ್ಲಿಗೆ ಬಂದಾಗ ಎರಡನೆಯ ಪಕ್ಷದವರ ಬಲವಾದ ಆಕ್ಷೇಪಣೆಯನ್ನು ಎದುರಿಸಲೇಬೇಕು. ಕೆಲವು ಮತಗಳು ಬರಿಯ ಮತಗಳಲ್ಲ. ಅವು ಪಕ್ಕದವನ ಮನುಷ್ಯತ್ವವನ್ನೇ ನಿರಾಕರಿಸುತ್ತವೆ. ಅವನ್ನೂ ಸಹಿಸಬೇಕೆಂದರೆ ಹೇಗೆ? ಅಸ್ಪೃಶ್ಯತೆಯ ನಾಡಿನಲ್ಲಿ ಹುಟ್ಟಿದ ನಮಗೆ ಈ ಪ್ರಶ್ನೆಯ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ನಮ್ಮ ರಾಜ್ಯಾಂಗವು ಅದಕ್ಕೆ ಕೊಟ್ಟ ಉತ್ತರವನ್ನು ನೋಡಿ. ಅದರ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿ ಅದರ ಆಚರಣೆಯನ್ನು ನಿಷೇಧಿಸಿತು. 1955ರಲ್ಲಿ ಆಚರಣೆಯನ್ನು ದಂಡಿಸುವ ಕಾನೂನು ಬಂದಿತು. 1976ರ ತಿದ್ದುಪಡಿಯು ಅಸ್ಪೃಶ್ಯತೆಯ ಬೋಧನೆಯನ್ನೂ, ಇತಿಹಾಸದ ಅಥವಾ ಧರ್ಮದ ಹೆಸರಿನಲ್ಲಿ ಅದರ ಸಮರ್ಥನೆಯನ್ನೂ ದಂಡನೆಯ ಪರಿಧಿಯೊಳಗೆ ತಂದಿತು. ಅದೇ ರಾಜ್ಯಾಂಗದ 25ನೆಯ ವಿಧಿಯು ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. ಒಬ್ಬನ ಮನಸ್ಸಿನಲ್ಲಿ ಆ ಹಳೆಯ ಕಲ್ಮಷವು ಉಳಿದಿದೆಯೆ ಎಂದು ಶೋಧಿಸಲು ಯಾವ ಅಧಿಕಾರಿಯನ್ನೂ ನೇಮಿಸಲಿಲ್ಲ. ಕಲ್ಮಷವು ಕೈಗೋ ನಾಲಿಗೆಗೋ ಇಳಿದಾಗ ಮಾತ್ರ ಹಿಡಿಯೆಂದಿತು. ಪಕ್ಕದವನಿಗೆ ಸಮಾನಸ್ಥಾನವಿಲ್ಲವೆಂದು ಕೂಟದ ಅಂಗಳದಲ್ಲಿ ನಿಂತು ಹೇಳುವ ಮಾತು ಅಭಿಪ್ರಾಯವಾಗಿ ಉಳಿಯುವುದಿಲ್ಲ; ಅದು ಕ್ರಿಯೆ, ಅದು ಹೊರದೂಡುವಿಕೆ. ಅದನ್ನು ತಡೆಯಲು ಹಿಂಜರಿಯುವ ಸಮುದಾಯವು ತನ್ನ ಕರ್ತವ್ಯದಿಂದ ಭ್ರಷ್ಟವಾಗುತ್ತದೆ. ನಿಯಮದ ಮೇರೆ ಎಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಕಾಣೆ.

ಮೇರೆಯನ್ನು ಗುರುತಿಸಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ನಿಯಮವನ್ನು ನಡೆಸುವ ರೀತಿಯಲ್ಲಿ ಅದರ ಧರ್ಮವಿದೆ. ವಿನಯಶಾಸ್ತ್ರವು ವಿವಾದಗಳನ್ನು ಶಮನಗೊಳಿಸುವ ಏಳು ಉಪಾಯಗಳನ್ನು ಹೇಳುವಾಗ ಮೊದಲನೆಯದಾಗಿ ಸಮ್ಮುಖತೆಯನ್ನು ಇಡುತ್ತದೆ. ಆರೋಪಿತನ ಎದುರಿನಲ್ಲಲ್ಲದೆ ತೀರ್ಮಾನವಾಗಕೂಡದು. 2019ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಆಂಗ್ಲ ವಿಕಿಪೀಡಿಯದ ಒಬ್ಬ ನಿರ್ವಾಹಕರನ್ನು, ದೂರಿನ ಸಾಕ್ಷ್ಯಗಳನ್ನು ತೋರಿಸದೆ, ಒಂದು ವರ್ಷ ನಿಷೇಧಿಸಿದಾಗ ಸಮುದಾಯವು ಕ್ಷೋಭೆಗೊಂಡಿತು, ಅನೇಕ ನಿರ್ವಾಹಕರು ತಮ್ಮ ಅಧಿಕಾರವನ್ನು ಬಿಟ್ಟುಕೊಟ್ಟರು. ದೂರು ಕೊಟ್ಟವರನ್ನು ಪ್ರತೀಕಾರದಿಂದ ರಕ್ಷಿಸಬೇಕೆಂಬುದು ಪ್ರತಿಷ್ಠಾನದ ಕಾಳಜಿ. ಆ ಕಾಳಜಿ ಸುಳ್ಳಲ್ಲ. ಆದರೆ ತನ್ನ ತಪ್ಪು ಯಾವುದೆಂದು ತಿಳಿಯದೆ ದಂಡನೆಯನ್ನು ಅನುಭವಿಸಿದವನು ತಿದ್ದಿಕೊಳ್ಳುವುದಾದರೂ ಹೇಗೆ? ಕೊನೆಗೆ ಸಮುದಾಯವೇ ಆರಿಸಿದ ನ್ಯಾಯಮಂಡಳಿಯು ಪ್ರಕರಣವನ್ನು ಪರಿಶೀಲಿಸಿ, ನಿಷೇಧವನ್ನು ತೆಗೆಯಿತು, ಆದರೆ ನಿರ್ವಾಹಕತ್ವವನ್ನು ಮರಳಿ ಕೊಡಲಿಲ್ಲ. ತೀರ್ಪು ಪೂರ್ಣ ಬಿಡುಗಡೆಯಾಗಿರಲಿಲ್ಲವಾದರೂ ಜನರ ಮನಸ್ಸು ಸಮಾಧಾನಗೊಂಡಿತು; ಏಕೆಂದರೆ ತೀರ್ಪು ಕೊಟ್ಟವರು ತಮ್ಮವರಾಗಿದ್ದರು. ನಿಯಮವು ಮೇಲಿನಿಂದ ಬಿದ್ದಾಗ ಆಜ್ಞೆಯಾಗುತ್ತದೆ, ಒಳಗಿನಿಂದ ಬೆಳೆದಾಗ ಆಚಾರವಾಗುತ್ತದೆ.

ನಿಯಮದ ಮೇಲಣ ಅತ್ಯಾಸಕ್ತಿಯಿಂದಲೂ ಕೂಟ ಒಡೆಯಬಹುದೆಂಬುದಕ್ಕೆ ಕೌಶಾಂಬಿಯ ಕಲಹವು ಪುರಾತನ ದೃಷ್ಟಾಂತ. ಸ್ನಾನಗೃಹದ ಪಾತ್ರೆಯಲ್ಲಿ ಮಿಕ್ಕ ನೀರನ್ನು ಬಿಟ್ಟುಬಂದ ಒಂದು ಅಲ್ಪ ಕಾರಣಕ್ಕೆ, ವಿನಯವನ್ನು ಬಲ್ಲ ಒಬ್ಬ ಭಿಕ್ಷುವಿಗೂ ಧರ್ಮವನ್ನು ಬೋಧಿಸುವ ಒಬ್ಬ ಭಿಕ್ಷುವಿಗೂ ವಿರಸ ಹುಟ್ಟಿ, ಇಡೀ ಸಂಘವು ಎರಡಾಯಿತು. ಬುದ್ಧನ ಹಿತವಚನವನ್ನೇ ಅವರು ಕೇಳಲಿಲ್ಲ. ಅವನು ಅವರನ್ನು ಬಿಟ್ಟು ಅರಣ್ಯಕ್ಕೆ ಹೊರಟುಹೋದನು. ಗೃಹಸ್ಥರು ಭಿಕ್ಷೆಯನ್ನು ನಿಲ್ಲಿಸಿದ ಮೇಲೆ ಅವರಿಗೆ ಬುದ್ಧಿ ಬಂದಿತು. ಡೆಬಿಯನ್ ಸಮುದಾಯವು ಇಂಥ ಒಡಕಿನ ಅಂಚಿಗೆ ಹೋಗಿ ಹಿಂದಿರುಗಿದ ಬಗೆ ನೆನೆಯತಕ್ಕದ್ದು. ಮುಕ್ತ ತಂತ್ರಾಂಶ ಚಳವಳಿಯ ಪ್ರವರ್ತಕರಾದ ರಿಚರ್ಡ್ ಸ್ಟಾಲ್ಮನ್ನರು 2019ರಲ್ಲಿ ತಮ್ಮ ಮಾತುಗಳ ಕಾರಣದಿಂದ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಅಧ್ಯಕ್ಷಪದವನ್ನು ಬಿಟ್ಟು, 2021ರ ಮಾರ್ಚಿಯಲ್ಲಿ ಅದರ ಮಂಡಳಿಗೆ ಮರಳಿದಾಗ, ಅವರ ವಿರುದ್ಧವಾಗಿಯೂ ಪರವಾಗಿಯೂ ಸಾವಿರಾರು ಜನರು ಬಹಿರಂಗಪತ್ರಗಳಿಗೆ ಸಹಿ ಹಾಕಿದರು. ಡೆಬಿಯನ್ ಯಾವ ಪಕ್ಷವನ್ನು ಹಿಡಿಯಬೇಕೆಂದು ಮತ ಹಾಕಿದಾಗ, ಈ ವಿಷಯದಲ್ಲಿ ಯೋಜನೆಯು ಬಹಿರಂಗ ಹೇಳಿಕೆ ಕೊಡದೆಂಬ ಪರ್ಯಾಯವೇ ಗೆದ್ದಿತು. ಸದಸ್ಯರ ನಾಲ್ಗೆಯನ್ನು ಅದು ಕಟ್ಟಲಿಲ್ಲ. ಎಲ್ಲರ ಹೆಸರಿನಲ್ಲಿ ಕೆಲವರು ಮಾತನಾಡುವುದನ್ನು ಮಾತ್ರ ತಡೆಯಿತು. ಮರುವರ್ಷ, ಅಂಥ ಮತದಾನಗಳಲ್ಲಿ ಯಾರು ಯಾವ ಮತ ಹಾಕಿದರೆಂಬುದು ಗುಪ್ತವಾಗಿರತಕ್ಕದ್ದೆಂದೂ ಅದು ನಿರ್ಣಯಿಸಿತು. ತಮ್ಮ ಮನಸ್ಸಿನ ಮತಕ್ಕಾಗಿ ಯಾರೂ ಪೀಡಿತರಾಗಬಾರದೆಂಬ ಅರಿವಿಗೆ ಇದಕ್ಕಿಂತ ಒಳ್ಳೆಯ ಸಾಂಸ್ಥಿಕ ರೂಪ ಬೇರೊಂದಿಲ್ಲ.

ಇಷ್ಟರವರೆಗೆ ಸಮುದಾಯದ ಕರ್ತವ್ಯವನ್ನು ಹೇಳಿದೆನು. ವ್ಯಕ್ತಿಯ ಕರ್ತವ್ಯವು ಇದಕ್ಕಿಂತ ಹಿರಿದು. ಮತಸ್ವಾತಂತ್ರ್ಯವು ತನಗುಂಟೆಂದು ಸಾಧಿಸುವವನು, ಆ ಸ್ವಾತಂತ್ರ್ಯದ ಬೆಲೆಯನ್ನು ಪಕ್ಕದವನು ತೆರುತ್ತಿದ್ದಾನೆಯೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ನಿಯಮವು ಮುಟ್ಟಲಾರದ ಅಂತರಂಗವನ್ನು ಮುಟ್ಟುವ ಅಧಿಕಾರವು ಅವನೊಬ್ಬನಿಗೆ ಇದೆ. ನಮ್ಮ ದಾರ್ಶನಿಕರು ಇದಕ್ಕಾಗಿ ಒಂದು ಶಿಸ್ತನ್ನು ಬೆಳೆಸಿದ್ದರು: ಪ್ರತಿವಾದಿಯ ಪಕ್ಷವನ್ನು ಅವನೇ ಒಪ್ಪುವಷ್ಟು ನ್ಯಾಯವಾಗಿ ಮೊದಲು ಹೇಳಿ, ಆಮೇಲೆ ತನ್ನ ಸಿದ್ಧಾಂತವನ್ನು ಹೇಳುವುದು. ವಿಜಯನಗರದ ಕಾಲದ ಮಾಧವಾಚಾರ್ಯರದೆಂದು ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು, ವೇದವನ್ನೂ ಪರಲೋಕವನ್ನೂ ಅಲ್ಲಗಳೆಯುವ ಚಾರ್ವಾಕನ ದರ್ಶನದಿಂದಲೇ ಆರಂಭವಾಗುತ್ತದೆ. ವೇದಾಂತಿಯ ಲೇಖನಿಯು ನಾಸ್ತಿಕನಿಗೆ ಮೊದಲ ಅಧ್ಯಾಯವನ್ನು ಬಿಟ್ಟುಕೊಟ್ಟಿತು. ವಿಕಿಪೀಡಿಯದ ಬರಹಗಾರನು ತಾನು ದ್ವೇಷಿಸುವ ಪಕ್ಷದ ವಾದವನ್ನೂ ಪಕ್ಷಪಾತವಿಲ್ಲದೆ ನಿರೂಪಿಸಬೇಕೆಂಬ ಅಲ್ಲಿನ ನೀತಿಯು ಅದೇ ಶಿಸ್ತಿನ ಇನ್ನೊಂದು ರೂಪ. ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ಒಮ್ಮೆ ಬರೆದವನು ಎದುರಾಳಿಯನ್ನು ರಾಕ್ಷಸನೆಂದು ಬಗೆಯಲಾರನು. ಹಾಗೆ ಬಗೆಯದವನ ಬಾಯಲ್ಲಿ ಬೈಗುಳವೂ ಬಹುಕಾಲ ನಿಲ್ಲಲಾರದು.

ಜೊತೆಗಾರನ ಮತವನ್ನು ಬದಲಿಸುವ ಹಕ್ಕು ಕೂಡಿ ದುಡಿಯುವವರಿಗಿಲ್ಲ. ಅದನ್ನು ಬದಲಿಸಬಯಸುವವನು ತರ್ಕವನ್ನೂ ಸ್ನೇಹವನ್ನೂ ಬಳಸಲಿ, ಬಹಿಷ್ಕಾರವನ್ನಲ್ಲ. ತನ್ನ ಮಾತಿನಿಂದ ಜೊತೆಗಾರನ ಸ್ಥಾನವನ್ನು ಕಸಿಯುವ ಹಕ್ಕೂ ಯಾರಿಗೂ ಇಲ್ಲ. ಕಸಿಯುವವನನ್ನು ತಡೆಯುವುದು ಸಮುದಾಯದ ಧರ್ಮ, ತಡೆಯುವಾಗ ಅವನ ಮಾತನ್ನೂ ಕೇಳುವುದು ಆ ಧರ್ಮದ ಅರ್ಧಭಾಗ. ದೇಶಗಳೂ ಊರುಗಳೂ ಮನೆಗಳೂ ಮತಭೇದದಿಂದ ಬಿರಿಯುತ್ತಿರುವ ಈ ಕಾಲದಲ್ಲಿ, ಪರಸ್ಪರ ಒಪ್ಪದ ಸಾವಿರಾರು ಜನರು ಒಂದು ಕೃತಿಯನ್ನು ಕಟ್ಟುತ್ತಿದ್ದಾರೆಂಬುದೇ ಮನುಷ್ಯಜಾತಿಗೆ ದೊಡ್ಡ ಆಶ್ವಾಸನೆ. ಅವರೆಲ್ಲರೂ ಏಕಮತದವರಾಗುವ ದಿನಕ್ಕಾಗಿ ನಾವು ಕಾಯಬೇಕಾಗಿಲ್ಲ. ಏಕಮತವಿಲ್ಲದೆಯೂ ಒಬ್ಬರನ್ನೊಬ್ಬರು ಗೌರವಿಸಿ ದುಡಿಯುವ ವಿದ್ಯೆಯನ್ನು ಅವರು ಕಲಿತರೆ, ಉಳಿದ ಲೋಕವು ಅವರಿಂದ ಕಲಿಯತಕ್ಕದ್ದು ಅದೇ.